ಹಿಂದಿನ ಸೀಟಿನ ತೇವ

ಕಾರಿನೊಳಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿಕೊಡುವುದು ಅವನ ಕಸುಬು. ಅದಕ್ಕೇ ಎಲ್ಲರೂ ಅವನನ್ನು ತೇವಣ್ಣ ಎಂದು ಕರೆಯುತ್ತಿದ್ದರು. ನಿಜವಾದ ಹೆಸರು ಅವನ ಸ್ವಂತ ತಂಗಿಗೂ ಒಮ್ಮೊಮ್ಮೆ ತಟ್ಟನೆ ನೆನಪಾಗುತ್ತಿರಲಿಲ್ಲ. ಎಂಜಿನ್ ಮುಟ್ಟುತ್ತಿರಲಿಲ್ಲ, ಬ್ರೇಕ್ ಮುಟ್ಟುತ್ತಿರಲಿಲ್ಲ. "ಓಡಿಸೋದು ಬೇರೆಯವರ ತಲೆನೋವು, ಒಣಗಿಸೋದಷ್ಟೇ ನಂದು" ಎನ್ನುತ್ತಿದ್ದ. ಬಾಗಿಲಿನ ರಬ್ಬರ್ ಪಟ್ಟಿಗೆ ಸೀಮೆಸುಣ್ಣದ ಪುಡಿ ಬಳಿದು, ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿಸಿ, ಪುಡಿ ಎಲ್ಲಿ ಕರಗಿ ಗೆರೆ ಮೂಡಿತು ಎಂದು ಟಾರ್ಚ್ ಹಿಡಿದು ನೋಡುವನು. ಕಾರ್ಪೆಟ್ಟಿನ ಅಡಿಗೆ ಕೈ ತೂರಿಸಿ ಕಣ್ಣು ಮುಚ್ಚಿ, "ಇದು ಮಳೆ ನೀರು", "ಇದು ಎಸಿ ನೀರು", "ಇದು ನಿಮ್ಮ ಮಗು ಚೆಲ್ಲಿದ ಹಾಲು, ಆಣೆ ಮಾಡಿ ಹೇಳ್ತೀನಿ" ಎಂದುಬಿಡುವನು. ತಪ್ಪಾದದ್ದು ಕಡಿಮೆ.

ಷೆಡ್ಡಿನ ಇನ್ನೊಂದು ಮೂಲೆಯಲ್ಲಿ ಅವನ ತಂಗಿ ಹೊಲಿಗೆ ಮಷೀನು ಇಟ್ಟುಕೊಂಡು ಕಾರಿನ ಸೀಟು ಹೊಲಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅಣ್ಣನ ಜೊತೆಯೇ ಇದ್ದಳು, ಷೆಡ್ಡಿನ ಮೇಲಿನ ಎರಡು ಕೋಣೆಗಳಲ್ಲಿ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅವಳು ಹಾಕಿದ ಹೊಲಿಗೆಯನ್ನು ಬಿಚ್ಚಬೇಕಾದರೆ ಅವಳೇ ಬೇಕಿತ್ತು.

ಒಂದು ಸೋಮವಾರ ಬೆಳಿಗ್ಗೆ ಶಾಲೆಯ ಟೀಚರ್ ಒಬ್ಬರು ಬೂದು ಬಣ್ಣದ ಕಾರು ತಂದು ನಿಲ್ಲಿಸಿದರು. ನಾಲ್ಕು ವರ್ಷದ ಹಿಂದೆ ಕೊಂಡದ್ದು, ತಾನು ಅದರ ಮೂರನೆಯ ಒಡತಿಯೋ ನಾಲ್ಕನೆಯವಳೋ ಗೊತ್ತಿಲ್ಲ ಎಂದರು.

"ಮೂರು ಗ್ಯಾರೇಜು ಸುತ್ತಿ ಸಾಕಾಯ್ತು. ರಬ್ಬರ್ ಬದಲಾಯಿಸಿದ್ರು, ಎಸಿ ಪೈಪ್ ಊದಿದ್ರು. ಏನೂ ಆಗಲಿಲ್ಲ. ಮಳೆ ಬಂದು ತಿಂಗಳಾಗಿದ್ರೂ ಬೆಳಿಗ್ಗೆ ಬಾಗಿಲು ತೆಗೆದ್ರೆ ಗಾಜೆಲ್ಲ ಒಳಗಿನಿಂದ ಮಬ್ಬು. ರಾತ್ರಿಯೆಲ್ಲ ಯಾರೋ ಒಳಗೆ ಕೂತು ಉಸಿರು ಬಿಟ್ಟ ಹಾಗೆ."

"ಸಾಮಾನ್ಯ, ಮೇಡಂ. ಎಲ್ಲೋ ನೀರು ನಿಂತಿರುತ್ತೆ. ಅದು ಆವಿಯಾಗಿ ಗಾಜಿಗೆ ಹತ್ತುತ್ತೆ, ಅಷ್ಟೇ."

ಟೀಚರ್ ಸ್ವಲ್ಪ ಹಿಂಜರಿದರು. "ಇನ್ನೊಂದು ವಿಷಯ. ನಮ್ಮತ್ತೆಗೆ ಕಣ್ಣು ಅಷ್ಟಾಗಿ ಕಾಣಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ ಹಿಂದೆ ಕೂರಿಸ್ತೀನಿ. ಅವರು..."

ಕಾರಿನ ಹಿಂದಿನ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಅಜ್ಜಿಯೊಬ್ಬರು ಮುಖ ಹೊರಗೆ ಹಾಕಿದರು. "ನಾನೇ ಹೇಳ್ತೀನಿ ಬಿಡೇ. ಏನಪ್ಪಾ, ಪಕ್ಕದಲ್ಲಿ ಕೂತವರ ಬಟ್ಟೆ ಒದ್ದೆ. ಪಾಪ, ಎಲ್ಲಿ ನೆನೆದಿದ್ದಾರೋ. ಮಾತಾಡಿಸಿದ್ರೆ ಮಾತಾಡಲ್ಲ."

ತೇವಣ್ಣ ನಕ್ಕ. "ಸೀಟಿನ ಸ್ಪಂಜು ಒದ್ದೆಯಾಗಿದೆ ಅಜ್ಜೀ. ಕೈಗೆ ಹಾಗನ್ಸುತ್ತೆ."

"ಸ್ಪಂಜು ಯಾವುದು, ಮನುಷ್ಯರು ಯಾವುದು ಅಂತ ಈ ವಯಸ್ಸಲ್ಲಿ ನನಗೆ ನೀನು ಹೇಳ್ಕೊಡ್ತೀಯಾ?" ಎಂದರು ಅಜ್ಜಿ. ಟೀಚರ್ ಮುಜುಗರದಿಂದ ಬೇರೆ ಕಡೆ ನೋಡಿದರು. ಸಂಜೆ ಬರುವುದಾಗಿ ಹೇಳಿ ಇಬ್ಬರೂ ಆಟೋ ಹತ್ತಿ ಹೋದರು.

ತೇವಣ್ಣ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ. ತಂಗಿ ಹೊರಗೆ ನಿಂತು ಮೇಲಿನಿಂದ ಪೈಪು ಹಿಡಿದಳು. ಬಾಗಿಲು, ಚಾವಣಿ, ಹಿಂದಿನ ದೀಪದ ಸುತ್ತ, ಎಲ್ಲ ಕಡೆ ಟಾರ್ಚ್ ಹಾಯಿಸಿದ. ಬಲಗಡೆ ಒಂದು ಸಣ್ಣ ಜಿನುಗು ಸಿಕ್ಕಿತು. ಆದರೆ ಅಷ್ಟು ನೀರಿಗೆ ಇಷ್ಟು ಮಬ್ಬು ಬರಬಾರದು ಎಂದುಕೊಳ್ಳುತ್ತಿರುವಾಗಲೇ ಅವನ ಉಸಿರಿಗೆ ಗಾಜುಗಳು ಮಂಕಾಗತೊಡಗಿದವು. ಹೊರಗಿನ ತಂಗಿ ಮೊದಲು ಒಂದು ಬಣ್ಣವಾದಳು, ಆಮೇಲೆ ಅದೂ ಇಲ್ಲ.

ಎಡಗಡೆಯ ಕಿಟಕಿಯ ಕೆಳಭಾಗದಲ್ಲಿ ಮಬ್ಬು ಹಿಡಿಯಲಿಲ್ಲ. ಒಂದು ಅಂಗೈ ಆಕಾರ ಹಾಗೇ ತಿಳಿಯಾಗಿ ಉಳಿಯಿತು. ಎಡಗೈ. ಐದೂ ಬೆರಳು ಅಗಲಿಸಿ ಒತ್ತಿದ್ದು. ಅದರ ಪಕ್ಕದಲ್ಲಿ ಇನ್ನೊಂದು ಗುರುತು. ಅದು ಅಂಗೈಯಲ್ಲ. ಅಗಲ, ಮೊಂಡು, ಸುತ್ತಿದ ಬಟ್ಟೆಯಿಂದಲೋ ಇಟ್ಟಿಗೆಯ ಅಂಚಿನಿಂದಲೋ ಕುಟ್ಟಿದ ಹಾಗೆ. ಅದರ ತುದಿಯಲ್ಲಿ ನಾಲ್ಕು ಬೆರಳಿನ ತುದಿ ಮಾತ್ರ. ಅದು ಒಂದೇ ಇರಲಿಲ್ಲ. ಒಂದರ ಮೇಲೊಂದು, ಏಳೆಂಟು.

ಜಿಡ್ಡಿನ ಕೈ ಇಟ್ಟ ಜಾಗದಲ್ಲಿ ಮಬ್ಬು ಸರಿಯಾಗಿ ಕೂರುವುದಿಲ್ಲ, ಎಷ್ಟು ಒರೆಸಿದರೂ ಗುರುತು ಮತ್ತೆ ಮೂಡುತ್ತದೆ. ಇದನ್ನು ಅವನೇ ನೂರು ಜನರಿಗೆ ಹೇಳಿದ್ದ. ಆಗಲೂ ತನಗೆ ತಾನೇ ಹೇಳಿಕೊಂಡ. ಆದರೂ ಬಾಗಿಲು ತೆಗೆದು ಹೊರಗೆ ಬಂದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಏನಾಯ್ತು?" ಎಂದಳು ತಂಗಿ.

"ಸೆಕೆ."

ಸೀಟಿನ ಕವರು ತೆಗೆಯಲು ಅವಳೇ ಬಂದಳು. ಹೊಸ ಕವರಿನ ಕೆಳಗೆ ಹಳೆಯ ಕವರು, ಅದರ ಕೆಳಗೆ ಇನ್ನೂ ಹಳೆಯದು. ಕೊನೆಯದನ್ನು ಸುಲಿದಾಗ ಅವಳ ಕೈ ನಿಂತಿತು. ಎಡಗಡೆಯ ಅಂಚಿನಲ್ಲಿ ಕಪ್ಪು ದಾರದ ಹೊಲಿಗೆ. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ, ನಡುವೆ ಎರಡು ಕಡೆ ಗಂಟು. ಮಷೀನಿನದಲ್ಲ, ಕೈಯಲ್ಲಿ ಹಾಕಿದ್ದು. ಹೊಲಿಗೆ ಬಾರದವನು ಹೊಲಿದದ್ದು.

ಅವಳು ಅದನ್ನು ನೋಡಿದಳು. ಆಮೇಲೆ ಕಾರಿನ ಬೂದು ಬಣ್ಣ ನೋಡಿದಳು. ಬಾಗಿಲಿನ ಸಂದಿಯಲ್ಲಿ ಬಣ್ಣ ಚಕ್ಕೆ ಎದ್ದ ಕಡೆ ಉಗುರಿನಿಂದ ಕೆರೆದಳು. ಒಳಗೆ ಬಿಳಿ.

"ಇದನ್ನ ಗುಜರಿಗೆ ಹಾಕಿದೆ ಅಂತ ನೀನು ಅಂದಿದ್ದೆ," ಎಂದಳು.

ತೇವಣ್ಣ ಟಾರ್ಚ್ ಆರಿಸಿ ಕೆಳಗಿಟ್ಟ.

ಹನ್ನೊಂದು ವರ್ಷದ ಹಿಂದೆ ಹೊಳೆ ಏರಿ ತಗ್ಗಿನ ರಸ್ತೆಗಳೆಲ್ಲ ಮುಳುಗಿದಾಗ, ಬ್ರೋಕರ್ ಒಬ್ಬ ನೀರು ಕುಡಿದ ಏಳು ಕಾರು ತಂದು ಈ ಷೆಡ್ಡಿನ ಮುಂದೆ ನಿಲ್ಲಿಸಿದ್ದ. ಒಣಗಿಸಬೇಕು, ಹೊಲಿಯಬೇಕು, ಮುಳುಗಿದ್ದು ಅಂತ ಯಾರಿಗೂ ಗೊತ್ತಾಗಬಾರದು. ಏಳರಲ್ಲಿ ಒಂದು ಬಿಳಿಯದು. ಅದರ ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ತೀರಿಹೋಗಿದ್ದಳು ಎಂದು ಕಾರು ಎಳೆದು ತಂದ ಟೋಯಿಂಗ್ ಗಾಡಿಯವನು ಬಾಯಿತಪ್ಪಿ ಹೇಳಿಬಿಟ್ಟ. ತಂಗಿ ಸೂಜಿ ಕೆಳಗಿಟ್ಟು, "ಇದನ್ನ ಮಾತ್ರ ನಾನು ಹೊಲಿಯಲ್ಲ, ಇದು ರಸ್ತೆಗೆ ಇಳೀಬಾರ್ದು" ಎಂದಿದ್ದಳು. ಆಯಿತು ಎಂದು ತೇವಣ್ಣ ಒಪ್ಪಿದ್ದ. ಆಮೇಲೆ ಬ್ರೋಕರನ ಗೋದಾಮಿಗೆ ಹೋಗಿ ಮೂರು ದಿನ ಕೂತು ತಾನೇ ಹೊಲಿದಿದ್ದ.

ಆ ಸೋಮವಾರ ಮಧ್ಯಾಹ್ನ ಅವನು ಒಬ್ಬನೇ ಕಾರ್ಪೆಟ್ ಎತ್ತಿದ. ತಳದ ತಗಡಿನಲ್ಲಿ ನೀರು ಹರಿದುಹೋಗಲೆಂದು ಕಾರ್ಖಾನೆಯವರೇ ಬಿಟ್ಟ ತೂತುಗಳಿರುತ್ತವೆ. ಅವೆಲ್ಲ ಮುಚ್ಚಿದ್ದವು, ಸಂದಿ ಮುಚ್ಚುವ ಕಪ್ಪು ಸೀಲೆಂಟಿನಿಂದ, ಹೆಬ್ಬೆರಳಿನಲ್ಲಿ ಒತ್ತಿ. ಕೊಳ್ಳಲು ಬಂದವರು ಓಡಿಸಿ ನೋಡುವಾಗ ಹೊಳೆಯ ಕೆಸರು ಕೆಳಗೆ ತೊಟ್ಟಿಕ್ಕಬಾರದು ಎಂದು ಅವನೇ ಮುಚ್ಚಿದ್ದ. ಹೆಬ್ಬೆರಳಿನ ಗೆರೆಗಳು ಇನ್ನೂ ಕಾಣುತ್ತಿದ್ದವು. ಹನ್ನೊಂದು ವರ್ಷ ಒಳಗೆ ಬಂದ ಹನಿ ಹನಿ ನೀರಿಗೂ ಹೊರಗೆ ಹೋಗಲು ದಾರಿಯಿರಲಿಲ್ಲ. ಮೂರು ಗ್ಯಾರೇಜಿನವರು ನೀರು ಬರುವ ದಾರಿ ಹುಡುಕಿದ್ದರು. ಹೋಗುವ ದಾರಿಯನ್ನು ಯಾರೂ ನೋಡಿರಲಿಲ್ಲ.

ಸ್ಕ್ರೂಡ್ರೈವರಿನಲ್ಲಿ ಮೊದಲ ಬಿರಡೆ ಕಿತ್ತ. ನೀರು ಬಂತು, ಕಂದು ಬಣ್ಣದ್ದು, ನುಣ್ಣನೆಯ ರೇವೆ ಮಣ್ಣು ಬೆರೆತದ್ದು. ಎರಡನೆಯದು, ಮೂರನೆಯದು. ಷೆಡ್ಡಿನ ನೆಲದ ಮೇಲೆ ಅದು ನಿಧಾನವಾಗಿ ಹರಿದು ಅವನ ಚಪ್ಪಲಿಯ ಸುತ್ತ ನಿಂತಿತು. ವಾಸನೆ ಹಿಡಿದ ಕೂಡಲೇ ಅವನಿಗೆ ಆ ವರ್ಷದ ಹೊಳೆ ಗೊತ್ತಾಯಿತು. ಕಣ್ಣು ಮುಚ್ಚುವ ಅಗತ್ಯ ಬೀಳಲಿಲ್ಲ.

ಸಂಜೆ ಟೀಚರ್ ಅತ್ತೆಯನ್ನು ಕರೆದುಕೊಂಡು ಬಂದರು. ತೇವಣ್ಣ ಅಜ್ಜಿಗೊಂದು ಕುರ್ಚಿ ಹಾಕಿದ. ರಿಪೇರಿಯಾಗಿದೆ, ತೊಗೊಂಡು ಹೋಗಿ ಎಂದುಬಿಡಬಹುದಿತ್ತು. ಮಬ್ಬು ಇನ್ನು ಬರುತ್ತಿರಲಿಲ್ಲ. ಆದರೆ ತಂಗಿ ಮಷೀನಿನ ಮುಂದೆ ಕೂತು, ಹೊಲಿಯದೆ, ಅವನನ್ನೇ ನೋಡುತ್ತಿದ್ದಳು.

"ಮೇಡಂ, ಈ ಕಾರು ಹೊಳೆಯಲ್ಲಿ ಮುಳುಗಿದ್ದು. ಅದನ್ನ ಮುಚ್ಚಿಟ್ಟವನು ನಾನೇ. ವೈರೆಲ್ಲ ಒಳಗೊಳಗೇ ಕೊಳೆತಿದೆ, ಅಪಘಾತ ಆದ್ರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತೆ ಅಂತ ನಂಬೋಹಾಗಿಲ್ಲ. ಮತ್ತೆ..." ಅವನು ಅಜ್ಜಿಯ ಕಡೆ ನೋಡಿದ. "ಹಿಂದಿನ ಸೀಟಲ್ಲಿ ಒಬ್ಬರು ತೀರಿಕೊಂಡಿದ್ರು."

ಟೀಚರಿಗೆ ಸಿಟ್ಟು ಬರಲು ಒಂದು ಗಳಿಗೆ ಹಿಡಿಯಿತು. ಬಂದಾಗ ಜೋರಾಗಿಯೇ ಬಂತು. ಶಾಲೆಯ ಮಕ್ಕಳನ್ನು ಅದೇ ಸೀಟಿನಲ್ಲಿ ಕೂರಿಸಿಕೊಂಡು ಹೋಗಿದ್ದೇನೆ ಎಂದರು, ನಿಮಗೆ ಮನುಷ್ಯತ್ವ ಇದೆಯಾ ಎಂದರು, ದೂರು ಕೊಡುತ್ತೇನೆ ಎಂದರು. ಕೊಡಿ ಎಂದ ಅವನು. ಬೇರೆ ಒಳ್ಳೆಯ ಗಾಡಿ ಹುಡುಕಿ ನಾನೇ ತಂದುಕೊಡುತ್ತೇನೆ, ಆಮೇಲೂ ದೂರು ಕೊಡಿ ಎಂದ.

ಅಜ್ಜಿ ಮಾತ್ರ, "ಯಾರು ಅವರು?" ಎಂದರು.

"ಗೊತ್ತಿಲ್ಲ ಅಜ್ಜೀ."

"ಹನ್ನೊಂದು ವರ್ಷ ಗೊತ್ತುಮಾಡ್ಕೊಳ್ಳಲೇ ಇಲ್ವಾ?"

ಅಜ್ಜಿಯ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ, ಆಶ್ಚರ್ಯವಿತ್ತು, ಅಷ್ಟೇ. ಅದೇ ಅವನಿಗೆ ತಡೆಯಲಾಗಲಿಲ್ಲ.

ಗೊತ್ತಿದ್ದವನು ಒಬ್ಬನಿದ್ದ. ಆ ಬಿಳಿ ಕಾರನ್ನು ಓಡಿಸುತ್ತಿದ್ದ ಡ್ರೈವರ್. ಆ ವರ್ಷ ಎರಡು ಸಲ ಷೆಡ್ಡಿಗೆ ಬಂದು, "ಕಾರು ಎಲ್ಲಿದೆ? ಒಂದೇ ಒಂದು ಸಲ ನೋಡ್ಬೇಕು" ಎಂದು ಕೇಳಿದ್ದ. ಎರಡು ಸಲವೂ ತೇವಣ್ಣ, "ತುಂಡು ಮಾಡಿಸ್ಬಿಟ್ಟೆ" ಎಂದು ಹೇಳಿ ಕಳಿಸಿದ್ದ. ಈಗ ಡ್ರೈವರ್ ಒಂದು ಮರದ ಸಾಮಾನಿನ ಗೋದಾಮಿನಲ್ಲಿ ಗೇಟು ಕಾಯುತ್ತಿದ್ದ. ದಾರಿಯಲ್ಲಿ ಅವನು ಕಂಡಾಗೆಲ್ಲ ತೇವಣ್ಣ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ.

ಮರುದಿನ ಗೇಟಿನ ಬಳಿ ಹೋಗಿ, "ಕಾರು ನನ್ನ ಷೆಡ್ಡಲ್ಲಿದೆ" ಎಂದ. ಡ್ರೈವರ್ ಟೋಪಿ ತೆಗೆದು ಸ್ಟೂಲಿನ ಮೇಲಿಟ್ಟು ಜೊತೆಗೆ ಹೊರಟುಬಿಟ್ಟ.

ಷೆಡ್ಡಿನಲ್ಲಿ ಟೀಚರ್ ಇದ್ದರು, ಕಾರಿನೊಳಗಿನ ತಮ್ಮ ಸಾಮಾನು ತೆಗೆದುಕೊಳ್ಳಲು ಬಂದಿದ್ದರು. ಅಜ್ಜಿ ಹಟಮಾಡಿ ಜೊತೆಗೆ ಬಂದು ಅದೇ ಕುರ್ಚಿಯಲ್ಲಿ ಕೂತಿದ್ದರು. ಡ್ರೈವರ್ ಕಾರಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತುಬಿಟ್ಟ. ಯಾರೂ ಕೇಳದಿದ್ದರೂ ಹೇಳತೊಡಗಿದ.

"ಅವರು ಪ್ರೆಸ್ಸಲ್ಲಿ ಪ್ರೂಫ್ ನೋಡ್ತಿದ್ರು. ಮೆಟ್ಟಿಲಿಂದ ಬಿದ್ದು ಬಲಗೈ ಮುರಿದಿತ್ತು. ಆಸ್ಪತ್ರೆಯಿಂದ ಮನೆಗೆ ಬಿಡೋಕೆ ಹೊರಟಿದ್ದೆ. ಕೈಗೆ ಬೆರಳ ತನಕ ಪ್ಲಾಸ್ಟರ್ ಹಾಕಿದ್ರು."

ತೇವಣ್ಣ ಎಡಗಡೆಯ ಕಿಟಕಿಯ ಕಡೆ ತಿರುಗಿದ. ಗಾಜಿನ ಮೇಲಿನ ಆ ಮೊಂಡು ಗುರುತು, ತುದಿಯ ನಾಲ್ಕು ಬೆರಳು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆಮೇಲೂ ಹೇಳಲಿಲ್ಲ.

"ಸೇತುವೆ ಹತ್ರ ರಸ್ತೆ ಮೇಲೆ ನೀರು. ಎಷ್ಟು ಆಳ ಇದೆ ನೋಡಿ ಬರ್ತೀನಿ, ಕೂತಿರಿ ಅಂತ ಇಳಿದೆ. ಇಪ್ಪತ್ತು ಹೆಜ್ಜೆ ಹೋಗಿರಬಹುದು. ತಿರುಗಿ ನೋಡಿದ್ರೆ ನೀರು ಬಾಗಿಲ ಹಿಡಿ ತನಕ ಬಂದಿತ್ತು. ಅವರು ಒಳಗಿಂದ ಕಿಟಕಿ ಕುಟ್ತಿದ್ರು. ಓಡಿದೆ. ಅಷ್ಟರಲ್ಲಿ ಕಾರು ಪಕ್ಕಕ್ಕೆ ಜಾರಿತು." ಡ್ರೈವರ್ ಕೈಯಿಂದ ಜಾರಿದ ರೀತಿ ತೋರಿಸಿದ. ತುಂಬ ಮೆಲ್ಲಗೆ. "ಬೆಳಿಗ್ಗೆ ಹೊತ್ತು ಶಾಲೆ ಮಕ್ಕಳನ್ನ ಬಿಡ್ತಿದ್ದೆ. ಮಕ್ಕಳು ಬಾಗಿಲು ತೆಗೆದುಬಿಡ್ತಾರೆ ಅಂತ ಒಳಗಿಂದ ತೆಗೆಯೋಕಾಗದ ಹಾಗೆ ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕ್ತಿದ್ದೆ. ಮಕ್ಕಳನ್ನ ಇಳಿಸಿದ ಮೇಲೆ ತೆಗೀತಿದ್ದೆ. ದಿನಾ ತೆಗೀತಿದ್ದೆ. ಅವತ್ತು ತೆಗೆದಿದ್ನಾ ಇಲ್ವಾ ಅಂತ ನೆನಪಾಗ್ತಿಲ್ಲ. ಪೊಲೀಸಿನವರು ನೀರಿನ ಒತ್ತಡಕ್ಕೆ ಬಾಗಿಲು ತೆಗೆಯೋಕಾಗಿಲ್ಲ ಅಂದ್ರು. ನಮ್ಮನೆಯವಳು, ಖಂಡಿತ ತೆಗೆದಿರ್ತೀರ ಅಂತಾಳೆ."

ಅವನು ತೇವಣ್ಣನ ಕಡೆ ತಿರುಗಿದ.

"ಕಾರು ಮೊದಲು ಬಿಚ್ಚಿದೋರು ನೀವು. ಲಾಕ್ ಹಾಕಿತ್ತಾ?"

ಹಾಕಿತ್ತು. ತೇವಣ್ಣನಿಗೆ ಚೆನ್ನಾಗಿ ನೆನಪಿತ್ತು. ಬಾಗಿಲಿನ ಅಂಚಿನಲ್ಲಿರುವ ಪುಟ್ಟ ಕಡ್ಡಿ, ಎರಡೂ ಕಡೆ ಕೆಳಗೆ ಒತ್ತಿತ್ತು. ಸಂದಿಯಲ್ಲಿ ಕೆಸರು ಗಟ್ಟಿಯಾಗಿ ಮೇಲೆತ್ತಲು ಚಾಕು ಬೇಕಾಗಿತ್ತು. ಜಗತ್ತಿನಲ್ಲಿ ಅದು ಗೊತ್ತಿದ್ದವನು ಅವನೊಬ್ಬನೇ. ಇಲ್ಲ ಎಂದರೆ ಒಬ್ಬ ಮನುಷ್ಯ ಇವತ್ತಿನಿಂದ ನಿದ್ದೆ ಮಾಡುತ್ತಾನೆ. ಬಾಯಿ ತೆರೆಯುವವರೆಗೂ ಅವನು ಇಲ್ಲ ಎಂದೇ ಹೇಳುವವನಿದ್ದ.

ತಂಗಿ ಎದ್ದು ನಿಂತದ್ದು ಕಂಡಿತು.

"ಹಾಕಿತ್ತು," ಎಂದ. "ಎರಡೂ ಕಡೆ. ನಾನೇ ಬಿಡಿಸಿದೆ."

ಟೀಚರ್ "ಅಯ್ಯೋ" ಎಂದು ಬಾಯಿಗೆ ಕೈ ಹಿಡಿದರು. ಡ್ರೈವರ್ ತಲೆಯಾಡಿಸಿದ. ಎರಡು ಸಲ, ಮೂರು ಸಲ.

"ಗೊತ್ತಿತ್ತು," ಎಂದ. "ಎಲ್ಲರೂ ಸೇರಿ ಇಲ್ಲ ಇಲ್ಲ ಅಂತ ಹೇಳಿ ಹೇಳಿ... ಹೇಳ್ಕೊಂಡು ಅಳೋದಕ್ಕೂ ಒಬ್ರೂ ಇರಲಿಲ್ಲ."

ಅವನು ಅಳಲಿಲ್ಲ. ಕಾರಿನ ಬಳಿ ಹೋಗಿ, ಎಡಗಡೆಯ ಹಿಂದಿನ ಬಾಗಿಲನ್ನು ಹೊರಗಿನಿಂದ ತೆಗೆದ. ಪೂರ್ತಿ ತೆಗೆದು, ಬಾಗಿಲು ಮತ್ತೆ ಮುಚ್ಚಿಕೊಳ್ಳದ ಹಾಗೆ ಒಂದು ಕೈಯಲ್ಲಿ ಹಿಡಿದು, ಸ್ವಲ್ಪ ಬಾಗಿ ನಿಂತ. ಡ್ರೈವರುಗಳು ಕಾರಿನಲ್ಲಿ ಬಂದವರು ಇಳಿಯಲೆಂದು ನಿಲ್ಲುವ ಹಾಗೆ. ಹಾಗೇ ನಿಂತ. ಒಳಗೆ ಸೀಟಿನ ಸ್ಪಂಜು ಬಿಟ್ಟರೆ ಏನೂ ಇರಲಿಲ್ಲ. ಹಗಲು ಹನ್ನೊಂದು ಗಂಟೆ; ಷೆಡ್ಡಿನ ಆಚೆ ರಸ್ತೆಯಲ್ಲಿ ಗಾಡಿಗಳು ಹೋಗುತ್ತಿದ್ದವು, ಎಲ್ಲೋ ಹಾರ್ನ್, ಯಾರದೋ ಬೈಗಳು. ಷೆಡ್ಡಿನಲ್ಲಿದ್ದ ಉಳಿದ ನಾಲ್ವರಲ್ಲಿ ಒಬ್ಬರೂ ಕದಲಲಿಲ್ಲ.

ಅಜ್ಜಿ ಕುರ್ಚಿಯಿಂದಲೇ ಹೇಳಿದರು: "ಸ್ವಲ್ಪ ಸರಿದು ನಿಲ್ಲಪ್ಪಾ. ಅವರು ಇಳೀಲಿ."

ಡ್ರೈವರ್ ಒಂದು ಹೆಜ್ಜೆ ಹಿಂದೆ ಸರಿದ.

ಏನೂ ಕಾಣಲಿಲ್ಲ. ತಂಗಿ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ, ಏನೂ ಕಾಣಲಿಲ್ಲ ಎಂದು. ಸೀಟು ಭಾರ ಇಳಿದಾಗ ಮಾಡುವ ಸಣ್ಣ ಕಿರ್ ಸದ್ದು ಮಾತ್ರ ಕೇಳಿಸಿತು. ಸ್ಪ್ರಿಂಗು ಹಳೆಯದು, ಒಣಗುವಾಗ ಹಾಗೆ ಸದ್ದು ಮಾಡುತ್ತದೆ. ಅದೂ ಅವಳೇ ಹೇಳುತ್ತಾಳೆ.

ಆ ವಾರವೇ ಕಾರನ್ನು ತುಂಡು ಮಾಡಿಸಿದರು. ಈ ಸಲ ತಂಗಿ ಜೊತೆಗೆ ಹೋಗಿ, ಕೊನೆಯ ತಗಡು ಬೀಳುವ ತನಕ ನಿಂತು ನೋಡಿ ಬಂದಳು. ಟೀಚರಿಗೆ ತೇವಣ್ಣ ಬೇರೆ ಕಾರು ತಂದುಕೊಟ್ಟ. ಅವರು ಅದನ್ನು ಒಂದು ಗಂಟೆ ತಳದಿಂದ ಚಾವಣಿಯವರೆಗೆ ತಪಾಸಣೆ ಮಾಡಿ, ಥ್ಯಾಂಕ್ಸ್ ಹೇಳದೆ ತೆಗೆದುಕೊಂಡು ಹೋದರು. ದೂರು ಕೊಟ್ಟರೋ ಇಲ್ಲವೋ, ಯಾರೂ ವಿಚಾರಿಸಲು ಬರಲಿಲ್ಲ. ಬ್ರೋಕರ್ ಸತ್ತು ಆರು ವರ್ಷವಾಗಿತ್ತು.

ಒಂಬತ್ತು ದಿನ ಕಳೆದ ಮೇಲೆ ಡ್ರೈವರ್ ಷೆಡ್ಡಿಗೆ ಬಂದ. "ಅವತ್ತು ತೀರಿಹೋದವರ ಯಜಮಾನರು ಇದ್ದಾರೆ. ನನ್ನೊಬ್ಬನ ಕೈಲಿ ಹೋಗೋಕಾಗಲ್ಲ" ಎಂದ. ತೇವಣ್ಣ ಕೈ ತೊಳೆದುಕೊಂಡು ಅಂಗಿ ಬದಲಾಯಿಸಿದ.

ಎರಡನೇ ಮಹಡಿಯ ಮನೆ. ಬಾಗಿಲು ತೆಗೆದವರು ತೆಳ್ಳನೆಯ, ಕನ್ನಡಕದ ಮನುಷ್ಯ. ಹೆಂಡತಿಯಿದ್ದ ಪ್ರೆಸ್ಸಿನಲ್ಲೇ ಅಚ್ಚಿನ ಕೆಲಸ ಮಾಡುತ್ತಿದ್ದವರು. ಒಳಗೆ ಕರೆದರು, ಕೂರಿಸಿದರು, ನೀರು ಕೊಟ್ಟರು. ಡ್ರೈವರ್ ತನ್ನದನ್ನು ಹೇಳಿದ, ತೇವಣ್ಣ ತನ್ನದನ್ನು. ಯಜಮಾನರು ಪೂರ್ತಿ ಕೇಳಿ, ಎದ್ದು ಹೋಗಿ ಒಂದು ಬಿಳಿ ಹಾಳೆ, ಒಂದು ಪೆನ್ನು ತಂದು ಮೇಜಿನ ಮೇಲಿಟ್ಟರು.

"ಬರೆದುಕೊಡಿ."

ಡ್ರೈವರ್ ಪೆನ್ನನ್ನು ಪಕ್ಕಕ್ಕೆ ಸರಿಸಿದ. ತೇವಣ್ಣ ಇಬ್ಬರದೂ ಬರೆದ. ಲಾಕ್, ತೂತು, ಸೀಲೆಂಟು, ತುಂಡು ಮಾಡಿಸಿದೆ ಎಂದು ಹೇಳಿದ ಸುಳ್ಳು, ಎಲ್ಲ. ಇಬ್ಬರೂ ಸಹಿ ಹಾಕಿದರು. ಆ ಮನುಷ್ಯ ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ಎರಡು ಸಲ ಓದಿದರು. ಪೆನ್ಸಿಲ್ ತೆಗೆದುಕೊಂಡು ಒಂದು ಕಡೆ ತಪ್ಪಿದ್ದ ಒತ್ತಕ್ಷರ ತಿದ್ದಿದರು. ಆಮೇಲೆ ಹಾಳೆಯನ್ನು ಮಡಿಸದೆ ಒಂದು ಪುಸ್ತಕದೊಳಗೆ ಇಟ್ಟರು.

"ಇನ್ನು ಹೋಗಿ," ಎಂದರು. ಗದರಿಸಿ ಹೇಳಿದ್ದಲ್ಲ. ಕೆಲಸ ಮುಗಿಸಿದವರಿಗೆ ಹೇಳುವ ಹಾಗೆ.

ಕೆಳಗಿಳಿದ ಮೇಲೆ ಡ್ರೈವರ್, "ಬೈಬಹುದಿತ್ತು" ಎಂದ.

"ಹೂಂ," ಎಂದ ತೇವಣ್ಣ.

ಮನೆಯಲ್ಲಿ ತಂಗಿ ಕಾಯುತ್ತಿದ್ದಳು. ಆ ಸೋಮವಾರದಿಂದ ಅವಳು ಅವನೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿರಲಿಲ್ಲ. ಅಂದು ಕೇಳಿದಳು, "ಆ ಹಾಳೇಲಿ ನನ್ನ ಹೆಸರೂ ಬರೆದ್ಯಾ?"

"ಇಲ್ಲ. ಅದನ್ನ ನೀನು ಹೊಲಿಯಲಿಲ್ವಲ್ಲ."

"ಅದನ್ನ ಹೊಲಿಯಲಿಲ್ಲ," ಎಂದಳು. "ಉಳಿದ ಆರು ನಾನೇ ಹೊಲಿದಿದ್ದು. ತೂತು ನೀನು ಮುಚ್ಚಿದ್ದು. ಅವೆಲ್ಲ ಎಲ್ಲಿವೆ ಅಣ್ಣಾ?"

ಅವನು ಅದುವರೆಗೂ ಅದನ್ನು ಯೋಚಿಸಿರಲಿಲ್ಲ. ಎದ್ದು ಹೋಗಿ, ಬ್ರೋಕರನ ಕಾಲದ ಚೀಟಿಗಳಿದ್ದ ಹಳೆಯ ಟ್ರಂಕನ್ನು ಮಂಚದ ಕೆಳಗಿನಿಂದ ಎಳೆದ. ಅಣ್ಣ ತಂಗಿ ಇಬ್ಬರೂ ನೆಲದ ಮೇಲೆ ಕೂತು ನಂಬರುಗಳನ್ನು ಹುಡುಕತೊಡಗಿದರು.

ಆರು ತಿಂಗಳಲ್ಲಿ ನಾಲ್ಕು ಸಿಕ್ಕವು. ಒಂದು ಆಗಲೇ ಗುಜರಿಗೆ ಹೋಗಿತ್ತು, ಮೂರರ ತೂತು ಬಿಡಿಸಿ ಕೊಳೆತ ವೈರು ತೋರಿಸಿ ನಿಜ ಹೇಳಿದರು. ಒಬ್ಬ ಹೊಡೆಯಲು ಬಂದ, ಒಬ್ಬ ಕಾಫಿ ಕೊಟ್ಟ, ಒಬ್ಬನಿಗೆ ನಂಬಿಕೆಯೇ ಬರಲಿಲ್ಲ. ಉಳಿದ ಎರಡು ಎಲ್ಲೋ ಓಡಾಡುತ್ತಿವೆ. ತಂಗಿ ಈಗ ರಸ್ತೆಯಲ್ಲಿ ನಡೆಯುವಾಗ ನಿಂತ ಕಾರುಗಳ ಕಿಟಕಿಗೆ ಕೈ ಅಡ್ಡ ಹಿಡಿದು ಒಳಗೆ ಇಣುಕುತ್ತಾಳೆ, ತನ್ನ ಹೊಲಿಗೆ ಇದೆಯೇ ಎಂದು. ಜನ ಏನೋ ಅಂದುಕೊಳ್ಳುತ್ತಾರೆ. ಅವಳು ಲೆಕ್ಕಿಸುವುದಿಲ್ಲ.